ಬಿಟ್ಟಿದ್ದೇನು ಅಂತ ಬರೆದಿದ್ದೀರಾ?

ಪ್ರಾಜೆಕ್ಟ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಈ ಅಂಕಣದ ಕೊನೆಗೆ ಒಂದು ಸಾಲು ಹಾಕಿದ್ದೆ. ನಾಲ್ಕೈದು ಪತ್ರ ಬರಬಹುದು ಅಂದುಕೊಂಡಿದ್ದೆ, ಬಂದಿದ್ದು ಒಂದು ಕಟ್ಟು. ಅರ್ಧಕ್ಕಿಂತ ಜಾಸ್ತಿ ಹಾಸನ, ಚಿಕ್ಕಮಗಳೂರು ಕಡೆಯವು. ನಾನು ಹಾಸನದವಳು ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಮುಕ್ಕಾಲು ಪತ್ರಗಳು ಮಾಡೆಲಿಂಗ್, ಸಿಮ್ಯುಲೇಷನ್ ಬಗ್ಗೆಯೇ. ಲ್ಯಾಬ್ ಖರ್ಚಿಲ್ಲ, ಲ್ಯಾಪ್‌ಟಾಪ್ ಇದ್ದರೆ ಸಾಕು, ಅದಕ್ಕೇ ಎಲ್ಲ ಕಡೆ ಇದೇ ಪ್ರಾಜೆಕ್ಟ್ ಇರಬೇಕು.

ಹೊಸಬರಿಗೆ ಒಂದು ಮಾತು. ಐನೂರು ಜನರ ಮದುವೆಗೆ ಇಷ್ಟು ಅಕ್ಕಿ, ಇಷ್ಟು ಬೇಳೆ ಅಂತ ಅಡುಗೆ ಭಟ್ಟರು ಬರೆದುಕೊಡುತ್ತಾರಲ್ಲ, ಆ ಚೀಟಿ ಮಾಡೆಲ್. ಮೊದಲ ಪಂಕ್ತಿಗೆ ಎಷ್ಟು ಜನ ಕೂರುತ್ತಾರೆ, ಎರಡನೇದಕ್ಕೆ ಎಷ್ಟು, ಸಾರು ಎಷ್ಟು ಹೊತ್ತಿಗೆ ತಳ ಕಾಣುತ್ತೆ ಅಂತ ಅವರು ತಲೆಯಲ್ಲೇ ಓಡಿಸಿ ನೋಡುವುದು ಸಿಮ್ಯುಲೇಷನ್. ಇನ್ನು ಪತ್ರಗಳಿಗೆ ಹೋಗೋಣ.

ಪ್ರಶ್ನೆ: ಮೇಡಂ, ಮಳೆ ಲೆಕ್ಕ ಕೊಟ್ಟರೆ ಗೊರೂರಿನ ಹೇಮಾವತಿ ಜಲಾಶಯಕ್ಕೆ ಎಷ್ಟು ನೀರು ಬರುತ್ತೆ ಅಂತ ಹೇಳುವ ಮಾಡೆಲ್ ಮಾಡಿದ್ದೇವೆ. ಜುಲೈ, ಆಗಸ್ಟ್ ಪರವಾಗಿಲ್ಲ. ಜೂನ್‌ನಲ್ಲಿ ಮಾತ್ರ ನಮ್ಮ ಮಾಡೆಲ್ ತೋರಿಸುವ ನೀರು ನಿಜಕ್ಕಿಂತ ತುಂಬಾ ಜಾಸ್ತಿ. ವೈವಾಗೆ ಎರಡೇ ವಾರ ಇದೆ. ಜೂನ್ ತಿಂಗಳನ್ನೇ ತೆಗೆದು ಗ್ರಾಫ್ ಹಾಕು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಏನು ಮಾಡಲಿ?
– ಸಿವಿಲ್ ಕೊನೆ ವರ್ಷದ ವಿದ್ಯಾರ್ಥಿ, ಹಾಸನ

ಉತ್ತರ: ತೆಗೆಯಬೇಡಿ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಮಾತಾಡಲು ಏನಾದರೂ ಇದ್ದರೆ ಅದು ಆ ಜೂನ್ ತಿಂಗಳೇ.

ಬೇಸಿಗೆಯಿಡೀ ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದರೆ ಏನಾಗುತ್ತೆ? ಮಣ್ಣು ಕುಡಿಯುತ್ತೆ. ಆಮೇಲೆ ಕೆರೆ ಕುಡಿಯುತ್ತೆ, ಗದ್ದೆ ಕುಡಿಯುತ್ತೆ, ತೋಟದ ಹೊಂಡಗಳು ಕುಡಿಯುತ್ತವೆ. ಅವೆಲ್ಲದರ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಹೊಳೆಗೆ. ಅದಕ್ಕೇ ಮೂಡಿಗೆರೆ, ಸಕಲೇಶಪುರದಲ್ಲಿ ಜೂನ್ ಮೊದಲ ವಾರ ಬಿದ್ದ ಮಳೆಗೂ ಜುಲೈನಲ್ಲಿ ಬಿದ್ದ ಅಷ್ಟೇ ಮಳೆಗೂ ಗೊರೂರಿನಲ್ಲಿ ಒಂದೇ ಲೆಕ್ಕ ಬರುವುದಿಲ್ಲ. ನೀವು ಬಹುಶಃ ಬಿದ್ದ ಮಳೆಯಲ್ಲಿ ಇಷ್ಟು ಪಾಲು ಹೊಳೆಗೆ ಅಂತ ಒಂದೇ ಗುಣಕ ಇಟ್ಟು ನಾಲ್ಕು ತಿಂಗಳಿಗೂ ಅದನ್ನೇ ಗುಣಿಸಿದ್ದೀರಿ. ಮಾಡೆಲ್‌ಗೆ ಇನ್ನೊಂದು ಬಕೆಟ್ ಸೇರಿಸಿ. ಮಳೆ ಮೊದಲು ಆ ಬಕೆಟ್‌ಗೆ ಬೀಳಲಿ, ಅದು ತುಂಬಿದ ಮೇಲೆ ಚೆಲ್ಲಿದ್ದು ಮಾತ್ರ ಹೊಳೆಗೆ ಹೋಗಲಿ. ಬಕೆಟ್ ಎಷ್ಟು ದೊಡ್ಡದು ಅನ್ನುವುದನ್ನು ನೀವೇ ಹುಡುಕಬೇಕು. ಹತ್ತು ವರ್ಷದ ಅಂಕಿ ಇದ್ದರೆ ಏಳು ವರ್ಷದ ಮೇಲೆ ಅದನ್ನು ಹೊಂದಿಸಿ, ಉಳಿದ ಮೂರು ವರ್ಷವನ್ನು ಕೊನೆಯ ದಿನದವರೆಗೂ ಮುಟ್ಟಬೇಡಿ. ಹೊಂದಿಸಿದ ವರ್ಷದ ಮೇಲೇ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಅಲ್ಲ, ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹಾಗೆ.

ಇನ್ನೆರಡು ಕಡೆ ನೋಡಿ. ಯಗಚಿ ಹೇಮಾವತಿಗೆ ಸೇರುವ ಹೊಳೆ, ಬೇಲೂರಿನಲ್ಲಿ ಅದಕ್ಕೆ ಅಣೆಕಟ್ಟು ಇದೆ. ಅಲ್ಲಿ ನಿಂತ ನೀರನ್ನು ನಿಮ್ಮ ಲೆಕ್ಕದಲ್ಲಿ ಕಳೆದಿದ್ದೀರಾ? ಇನ್ನೊಂದು ಅಳತೆಯ ವಿಷಯ. ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಒಳಹರಿವು ಕೊಡುವುದು ಸೆಕೆಂಡಿಗೆ ಎಷ್ಟು ಘನ ಅಡಿ ಅನ್ನುವ ಕ್ಯೂಸೆಕ್‌ನಲ್ಲಿ. ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಈ ಪರಿವರ್ತನೆಯಲ್ಲಿ ಎಡವಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ತಪ್ಪಿದ ಲೆಕ್ಕವನ್ನು ತೋರಿಸಲು ನಾಚಿಕೆ ಅನ್ನಿಸಬಹುದು. ಲೂಯಿಸ್ ಫ್ರೈ ರಿಚರ್ಡ್‌ಸನ್ ಅಂತ ಒಬ್ಬರು ಇಂಗ್ಲೆಂಡಿನವರು ಇದ್ದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಆಂಬುಲೆನ್ಸ್ ಓಡಿಸುವ ಕೆಲಸ. ಬಿಡುವಾದಾಗ ಹವಾಮಾನವನ್ನು ಬರೀ ಸಮೀಕರಣಗಳಿಂದ, ಕೈಯಲ್ಲೇ ಲೆಕ್ಕ ಹಾಕುತ್ತಾ ಕೂರುತ್ತಿದ್ದರು. 1910ರ ಮೇ 20ರ ಅಂಕಿ ಇಟ್ಟುಕೊಂಡು ಆರು ಗಂಟೆಗಳ ಲೆಕ್ಕ ಹಾಕಿದರು. ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತೆ ಅಂತ ಉತ್ತರ ಬಂತು. ನಿಜಕ್ಕೂ ಅವತ್ತು ಒತ್ತಡ ಹೆಚ್ಚುಕಡಿಮೆ ಅಲ್ಲಾಡಿರಲೇ ಇಲ್ಲ! ಅವರು ಅದನ್ನು ಮುಚ್ಚಿಡಲಿಲ್ಲ, 1922ರಲ್ಲಿ ಪುಸ್ತಕ ಮಾಡಿದಾಗ ಆ ಲೆಕ್ಕವನ್ನು ಹಾಗೇ ಅಚ್ಚು ಹಾಕಿಸಿದರು. ತಪ್ಪು ಇದ್ದದ್ದು ಲೆಕ್ಕದ ದಾರಿಯಲ್ಲಿ ಅಲ್ಲ, ಶುರುವಿಗೆ ಕೊಟ್ಟ ಅಂಕಿಗಳಲ್ಲಿ ಅಂತ ಆಮೇಲೆ ಬಂದವರಿಗೆ ಗೊತ್ತಾಯಿತು. 1950ರಲ್ಲಿ ಎನಿಯಾಕ್ ಕಂಪ್ಯೂಟರ್ ಮೇಲೆ ಹವಾಮಾನ ಲೆಕ್ಕ ಮೊದಲ ಸಲ ಕೈಗೂಡಿದ್ದು ಅವರು ಹಾಕಿಕೊಟ್ಟ ದಾರಿಯಲ್ಲೇ. ನಿಮ್ಮ ಜೂನ್ ತಪ್ಪು ಅದಕ್ಕಿಂತ ಚಿಕ್ಕದೇ ಇರುತ್ತೆ ಬಿಡಿ.

ವರದಿಯಲ್ಲಿ ಒಂದು ಪುಟ ‘ಈ ಮಾಡೆಲ್‌ನಲ್ಲಿ ನಾವು ಬಿಟ್ಟಿರುವುದು’ ಅಂತ ಇರಲಿ. ವೈವಾದಲ್ಲಿ ಪರೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಆ ಪುಟದಲ್ಲೇ ಮುಗಿದುಹೋಗುತ್ತವೆ.

ಪ್ರಶ್ನೆ: ನಮಸ್ಕಾರ. ಮಗಳು ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ. ರಜೆಗೆ ಬಂದವಳು ನಮ್ಮ ಅಪ್ಪ ಬರೆದಿಟ್ಟಿದ್ದ ಮಳೆ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿ ಕಂಪ್ಯೂಟರ್‌ಗೆ ಹತ್ತಿಸುತ್ತಾ ಕೂತಿದ್ದಾಳೆ. ಕೇಳಿದರೆ ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಸಿಮ್ಯುಲೇಷನ್ ಅಂತಾಳೆ. ಮುಂದಿನ ವರ್ಷ ಹೂ ಮಳೆ ಯಾವತ್ತು ಬರುತ್ತೆ ಅಂತ ಇದರಿಂದ ಹೇಳಲು ಆಗುತ್ತಾ? ಆಗದಿದ್ದರೆ ಇದೆಲ್ಲ ಯಾಕೆ?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಯಾವತ್ತು ಬರುತ್ತೆ ಅಂತ ಹೇಳಲು ಆಗುವುದಿಲ್ಲ. ಹೇಳುತ್ತೇನೆ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ.

ಆದರೆ ನಿಮ್ಮ ಮಗಳು ಕೇಳುತ್ತಿರುವ ಪ್ರಶ್ನೆ ಅದಲ್ಲ ಅಂತ ನನ್ನ ಅಂದಾಜು. ಆ ಹಳೇ ಪುಸ್ತಕಗಳಿಂದ ಎರಡು ಸಂಖ್ಯೆ ತೆಗೆಯಬಹುದು. ಮಾರ್ಚ್‌ನಲ್ಲಿ ಇವತ್ತು ಮಳೆಯಾಗಿದ್ದರೆ ನಾಳೆಯೂ ಆಗುವ ಸಾಧ್ಯತೆ ಎಷ್ಟು? ಇವತ್ತು ಒಣ ದಿನವಾಗಿದ್ದರೆ ನಾಳೆ ಮಳೆ ಬರುವ ಸಾಧ್ಯತೆ ಎಷ್ಟು? ಇಷ್ಟನ್ನೇ ಇಟ್ಟುಕೊಂಡು ದಿನ ದಿನವೂ ಪಗಡೆ ದಾಳ ಹಾಕಿದ ಹಾಗೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತೆ. ಟೆಲ್ ಅವೀವ್ ಊರಿನ ಮಳೆಗೆ 1962ರಲ್ಲೇ ಗೇಬ್ರಿಯಲ್ ಮತ್ತು ನ್ಯೂಮನ್ ಅನ್ನುವವರು ಹೀಗೆ ಮಾಡಿ ತೋರಿಸಿದ್ದಾರೆ. ಎಷ್ಟು ಮಳೆ ಅನ್ನುವುದಕ್ಕೆ ಇನ್ನೊಂದು ಲೆಕ್ಕ ಸೇರಿಸಿದರೆ ನಿಮ್ಮ ತೋಟದ ಸಾವಿರ ಮಾರ್ಚ್‌ಗಳನ್ನು ಒಂದು ಮಧ್ಯಾಹ್ನದಲ್ಲಿ ಓಡಿಸಬಹುದು. ಅದರಲ್ಲಿ ಎಷ್ಟು ಸಲ ಮಾರ್ಚ್ 15ರ ಒಳಗೆ ಒಂದಿಂಚು ಮಳೆ ಸಿಕ್ಕಿತು? ಹೂ ಮಳೆ ಆದ ಮೇಲೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ (ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ) ಸಿಗದೆ ಕೈಕೊಟ್ಟ ಸಲ ಎಷ್ಟು? ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲು ಡೀಸೆಲ್, ಆಳು, ಕೆರೆ ನೀರು ಎಲ್ಲ ಸಿದ್ಧ ಮಾಡಿಕೊಳ್ಳಬೇಕಲ್ಲ, ಇನ್ನೂ ಒಂದು ವಾರ ಕಾಯುವುದಾ, ಇವತ್ತೇ ಪಂಪ್ ಶುರು ಮಾಡುವುದಾ ಅನ್ನುವ ಜೂಜಿಗೆ ಈ ಲೆಕ್ಕ ಬೇಕು. ಆ ಜೂಜನ್ನು ನೀವು ಪ್ರತಿ ವರ್ಷ ಆಡುತ್ತಲೇ ಇದ್ದೀರಿ, ಅಲ್ವಾ?

ಮಗಳಿಗೆ ಎರಡು ಎಚ್ಚರಿಕೆ ಹೇಳಿ. ನಮ್ಮ ಕಡೆ ತೋಟದ ಮಳೆ ಪುಸ್ತಕಗಳು ಇಂಚು, ಸೆಂಟ್‌ನಲ್ಲಿ ಇರುತ್ತವೆ. ನೂರು ಸೆಂಟ್ ಅಂದರೆ ಒಂದಿಂಚು, ಒಂದಿಂಚು ಅಂದರೆ 25.4 ಮಿಲಿಮೀಟರ್. ಅಪ್ಪನ ಪುಸ್ತಕದ 40ನ್ನು ಯಾರೋ ಮಿಲಿಮೀಟರ್ ಅಂದುಕೊಂಡರೆ ಹತ್ತು ಮಿಲಿಮೀಟರ್ ಮಳೆ ನಲವತ್ತಾಗುತ್ತೆ, ಹೂ ಅರಳದ ವರ್ಷದಲ್ಲೂ ಕಂಪ್ಯೂಟರ್‌ನಲ್ಲಿ ಹೂ ಅರಳುತ್ತೆ. ಎರಡನೇದು, ಖಾಲಿ ಬಿಟ್ಟ ದಿನಗಳು. ಆ ದಿನ ಮಳೆ ಬರಲಿಲ್ಲವೋ, ಇಲ್ಲಾ ಯಜಮಾನರು ಮದುವೆಗೆ ಹೋಗಿ ಊರಲ್ಲೇ ಇರಲಿಲ್ಲವೋ? ಇದು ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗಬಹುದು. ಹತ್ತಿರ ಕೂತು ಒಂದೊಂದು ಪುಟ ನೋಡಿ ಹೇಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಅಲ್ಲಿಯ ಮಳೆ ಲೆಕ್ಕ ಕೇಳಿ ಪಡೆದು ನಿಮ್ಮದರ ಜೊತೆ ಇಟ್ಟು ನೋಡಲಿ. ಆದರೆ ಅಲ್ಲಿ ಬಿದ್ದ ಮಳೆ ನಿಮ್ಮಲ್ಲಿ ಬೀಳುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಾ? ನಡುವೆ ಒಂದು ಗುಡ್ಡ ಇದ್ದರೆ ಸಾಕು.

ಪ್ರಶ್ನೆ: ನನ್ನದು ಎಂ.ಎಸ್ಸಿ. ಗಣಿತ. ಮಂಗನ ಕಾಯಿಲೆಗೆ ಎಸ್‌ಐಆರ್ ಮಾಡೆಲ್ ಹಾಕಿದೆ. ವಾರವಾರದ ಕೇಸುಗಳ ಗ್ರಾಫ್‌ಗೆ ಎಷ್ಟು ಚೆನ್ನಾಗಿ ಕೂತಿದೆ ಅಂದರೆ ನಮ್ಮ ಗೈಡ್ ಪೇಪರ್ ಬರೆಯೋಣ ಅನ್ನುತ್ತಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ. ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?
– ವಿದ್ಯಾರ್ಥಿನಿ, ಕೊಪ್ಪ

ಉತ್ತರ: ಇಲ್ಲ, ಸರಿಯಾಗೇ ಯೋಚನೆ ಮಾಡುತ್ತಿದ್ದೀರಿ. ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮ್ಮದು.

ಬೇರೆ ಓದುಗರಿಗಾಗಿ ಹೇಳುತ್ತೇನೆ. ಎಸ್‌ಐಆರ್ ಅಂದರೆ ಊರಿನ ಜನರನ್ನು ಮೂರು ಗುಂಪು ಮಾಡುವುದು: ಕಾಯಿಲೆ ಇನ್ನೂ ತಗುಲದವರು, ಈಗ ಕಾಯಿಲೆ ಇರುವವರು, ಕಾಯಿಲೆ ಮುಗಿದವರು. ಎರಡನೇ ಗುಂಪಿನವರು ಮೊದಲ ಗುಂಪಿನವರಿಗೆ ಅಂಟಿಸುತ್ತಾರೆ ಅನ್ನುವುದೇ ಇದರ ಜೀವಾಳ. ಆದರೆ ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ! 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದಾಗಿನಿಂದ ಗೊತ್ತಿರುವುದು ಇಷ್ಟು. ಉಣುಗು ಕಚ್ಚಬೇಕು. ವೈರಸ್ ಓಡಾಡುವುದು ಉಣುಗು, ಕಾಡಿನ ಸಣ್ಣ ಪ್ರಾಣಿಗಳು, ಮಂಗ, ಮುಸಿಯಗಳ ನಡುವೆ. ದರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋದ ಮನುಷ್ಯ ನಡುವೆ ಸಿಕ್ಕಿಬೀಳುತ್ತಾನೆ ಅಷ್ಟೇ, ಅವನಿಂದ ಕಾಯಿಲೆ ಮುಂದೆ ಹೋಗುವುದಿಲ್ಲ. ಅಂದರೆ ನಿಮ್ಮ ಮಾಡೆಲ್‌ನ ಮುಖ್ಯ ಬಾಣದ ಗುರುತು (ಕಾಯಿಲೆ ಇರುವವರಿಂದ ಇಲ್ಲದವರಿಗೆ) ನಿಜದಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಗ್ರಾಫ್ ಯಾಕೆ ಕೂತಿತು? ಡಿಸೆಂಬರ್ ಹೊತ್ತಿಗೆ ಶುರುವಾಗಿ, ಬೇಸಿಗೆಯಲ್ಲಿ ಏರಿ, ಮಳೆ ಹಿಡಿದ ಮೇಲೆ ಇಳಿಯುತ್ತೆ. ಅದೊಂದು ಗುಡ್ಡದ ಆಕಾರ. ಎಸ್‌ಐಆರ್ ಕೊಡುವುದೂ ಗುಡ್ಡದ ಆಕಾರವನ್ನೇ. ಎರಡು ಮೂರು ತಿರುಪು, ಅಂದರೆ ನಮಗೆ ಬೇಕಾದ ಹಾಗೆ ಬದಲಾಯಿಸಬಹುದಾದ ಸಂಖ್ಯೆ, ಕೈಯಲ್ಲಿದ್ದರೆ ಯಾವ ಗುಡ್ಡಕ್ಕಾದರೂ ಹೊಂದಿಸಬಹುದು, ಮುಳ್ಳಯ್ಯನಗಿರಿಯ ನೆತ್ತಿಗೂ!

ಇದರಲ್ಲಿ ಒಂದು ಸ್ವಾರಸ್ಯ ಇದೆ. ಈ ಮಾಡೆಲ್ 1927ರಲ್ಲಿ ಬಂತು, ಬರೆದವರು ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್. ಮೆಕೆಂಡ್ರಿಕ್ ನಮ್ಮ ದೇಶದಲ್ಲೇ ಸೇನಾ ವೈದ್ಯರಾಗಿದ್ದವರು, ಕಸೌಲಿಯಲ್ಲಿ ಕೆಲಸ ಮಾಡಿದವರು. ಆ ಲೇಖನದಲ್ಲಿ ಅವರು ತಮ್ಮ ಸೂತ್ರಕ್ಕೆ ಹೊಂದಿಸಿ ತೋರಿಸಿದ ಅಂಕಿಗಳು ಯಾವುವು ಗೊತ್ತಾ? 1905–06ರ ಮುಂಬೈ ಪ್ಲೇಗ್ ಸಾವುಗಳು. ಆ ಪ್ಲೇಗ್ ಬರುವುದು ಇಲಿಯ ಚಿಗಟದಿಂದ! ಚೆನ್ನಾಗಿ ಕೂತಿತ್ತು ಕೂಡ. ಜನರಲ್ಲಿ ಕಾಣುವ ಪ್ಲೇಗ್ ಇಲಿಗಳ ಪ್ಲೇಗ್‌ನ ನೆರಳು ಅಂತ ಅವರೇ ಅಲ್ಲಿ ಬರೆದುಕೊಂಡಿದ್ದರು. ಬಿಟ್ಟದ್ದನ್ನು ಬರೆಯುವುದು ಅಂದರೆ ಹೀಗೆ. ನಾವು ಓದುವಾಗ ಸೂತ್ರ ಇಟ್ಟುಕೊಂಡು ಆ ಸಾಲು ಬಿಟ್ಟೆವು.

ನಿಮ್ಮ ಕೆಲಸ ಹಾಳಾಗಿಲ್ಲ. ಮನುಷ್ಯರ ಬದಲು ಉಣುಗಿನ ಜೀವನಚಕ್ರದಿಂದ ಶುರು ಮಾಡಿ. ಮರಿ ಉಣುಗು ಯಾವ ತಿಂಗಳಲ್ಲಿ ಜಾಸ್ತಿ, ಜನ ಕಾಡಿಗೆ ಹೋಗುವುದು ಯಾವ ತಿಂಗಳಲ್ಲಿ ಜಾಸ್ತಿ, ಈ ಎರಡನ್ನು ಒಂದರ ಮೇಲೊಂದು ಇಟ್ಟರೇ ಅರ್ಧ ಗ್ರಾಫ್ ಬಂದುಬಿಡುತ್ತೆ. ಹಳೇ ಎಸ್‌ಐಆರ್ ಗ್ರಾಫ್ ಪಕ್ಕದಲ್ಲೇ ಇರಲಿ. ಎರಡು ಬೇರೆ ಬೇರೆ ಕಥೆಗಳು ಒಂದೇ ಅಂಕಿಗೆ ಹೇಗೆ ಕೂರುತ್ತವೆ ಅಂತ ತೋರಿಸಿದರೆ ಅದೇ ಒಳ್ಳೇ ಪೇಪರ್, ಗೈಡ್‌ಗೂ ಬೇಜಾರಾಗುವುದಿಲ್ಲ. ಆರೋಗ್ಯ ಇಲಾಖೆಯಿಂದ ಅಂಕಿ ತಂದಿದ್ದರೆ ರೋಗಿಗಳ ಹೆಸರು, ಮನೆ ಗೊತ್ತಾಗುವ ಯಾವುದನ್ನೂ ನಕ್ಷೆಯಲ್ಲಿ ಹಾಕಬೇಡಿ. ಸಣ್ಣ ಊರುಗಳಲ್ಲಿ ಒಂದು ಚುಕ್ಕೆ ಇಟ್ಟರೆ ಅದು ಯಾರ ಮನೆ ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಪ್ರಶ್ನೆ: ಒಂದೇ ಪ್ರೋಗ್ರಾಂ, ಒಂದೇ ಅಂಕಿ, ಆದರೂ ಪ್ರತಿ ಸಲ ಬೇರೆ ಉತ್ತರ ಬರುತ್ತಿದೆ. ನನ್ನ ಲ್ಯಾಪ್‌ಟಾಪ್ ಕೆಟ್ಟಿದೆಯಾ?
– ವಿದ್ಯಾರ್ಥಿ, ಕಡೂರು

ಉತ್ತರ: ಲ್ಯಾಪ್‌ಟಾಪ್ ಚೆನ್ನಾಗಿದೆ. ನಿಮ್ಮ ಪ್ರೋಗ್ರಾಂ ಒಳಗೆ ಎಲ್ಲೋ ದಾಳ ಉರುಳುತ್ತಿದೆ, ಅಂದರೆ ಪ್ರತಿ ಸಲ ಅದೃಷ್ಟಕ್ಕೆ ಸಿಕ್ಕ ಸಂಖ್ಯೆ ಆರಿಸುತ್ತಿದೆ. ಆ ದಾಳ ಎಲ್ಲಿಂದ ಶುರುವಾಗಬೇಕು ಅನ್ನುವ ಸೀಡ್ ಸಂಖ್ಯೆಯನ್ನು ಗಟ್ಟಿ ಮಾಡಿದರೆ ಒಂದೇ ಉತ್ತರ ಬರುತ್ತೆ, ಆದರೆ ಅದು ತಪ್ಪು ಹುಡುಕುವಾಗ ಮಾತ್ರ. ವರದಿಗೆ ಸಾವಿರ ಸಲ ಓಡಿಸಿ, ಉತ್ತರ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಅಂತ ಬರೆಯಿರಿ. ಇಷ್ಟವಾದ ಒಂದನ್ನು ಆರಿಸಿ ಹಾಕಿದರೆ ಅದು ಮೋಸ. ದಾಳವೇ ಇಲ್ಲದಿದ್ದರೆ ಶುರುವಿನ ಸಂಖ್ಯೆಗಳನ್ನು ಕೊನೆಯ ಅಂಕಿಯವರೆಗೂ ನೋಡಿ. 1961ರಲ್ಲಿ ಎಡ್ವರ್ಡ್ ಲೊರೆಂಜ್ ತಮ್ಮ ಹವಾಮಾನ ಮಾಡೆಲ್‌ಗೆ 0.506127 ಬದಲು 0.506 ಅಂತ ಕೊಟ್ಟು ಕಾಫಿ ಕುಡಿಯಲು ಹೋದರು. ವಾಪಸ್ ಬರುವಷ್ಟರಲ್ಲಿ ಉತ್ತರ ಎಲ್ಲಿಗೋ ಹೋಗಿತ್ತು.

ಪ್ರಶ್ನೆ: ನಾನು ಬಿ.ಎ. ಅರ್ಥಶಾಸ್ತ್ರ. ಸಿಮ್ಯುಲೇಷನ್ ಎಲ್ಲ ಸೈನ್ಸ್‌ನವರಿಗೆ ಅಂತಾರೆ. ನಮ್ಮ ಮನೆಯಲ್ಲಿ ಶುಂಠಿ ಬೆಳೆಯುತ್ತಾರೆ. ಒಂದು ವರ್ಷ ಮನೆ ಕಟ್ಟುವಷ್ಟು ದುಡ್ಡು, ಇನ್ನೊಂದು ವರ್ಷ ಕಿತ್ತ ಕೂಲಿಯೂ ಬರುವುದಿಲ್ಲ. ಇದನ್ನು ಮಾಡೆಲ್ ಮಾಡಬಹುದಾ?
– ಅರಕಲಗೂಡು

ಉತ್ತರ: ಮಾಡಬಹುದು, ಎಕ್ಸೆಲ್ ಒಂದಿದ್ದರೆ ಸಾಕು. ನಿಮ್ಮ ಪಠ್ಯದಲ್ಲೇ ‘ಕಾಬ್‌ವೆಬ್’ ಅಂತ ಒಂದು ಪಾಠ ಇರಬೇಕು, ಜೇಡರ ಬಲೆ. ಎಲ್ಲರೂ ಹೋದ ವರ್ಷದ ರೇಟು ನೋಡಿ ಈ ವರ್ಷ ಹಾಕುತ್ತಾರೆ ಅನ್ನುವುದಷ್ಟೇ ಅದರ ತಿರುಳು.

ಹೀಗೆ ಶುರು ಮಾಡಿ. ಈ ವರ್ಷದ ರೇಟು = 100 – ಈ ವರ್ಷದ ಬೆಳೆ. ಈ ವರ್ಷದ ಬೆಳೆ = 0.8 × ಹೋದ ವರ್ಷದ ರೇಟು. ಸುಮ್ನೆ ಆಟದ ಸಂಖ್ಯೆಗಳು ಇವು. ಹೋದ ವರ್ಷ ರೇಟು 80 ಇತ್ತು ಅನ್ನಿ. ಮುಂದೆ 36, 71, 43, 66 ಅಂತ ಏರಿಳಿದು ನಿಧಾನಕ್ಕೆ 55ರ ಆಸುಪಾಸಿಗೆ ಬಂದು ನಿಲ್ಲುತ್ತೆ. ಈಗ 0.8 ಇರುವಲ್ಲಿ 1.2 ಹಾಕಿ, ಅಂದರೆ ರೇಟು ನೋಡಿ ಜನ ಇನ್ನೂ ಜಾಸ್ತಿ ಮುಗಿಬೀಳುತ್ತಾರೆ ಅಂತ. 60ರಿಂದ ಶುರು ಮಾಡಿದರೆ 28, 66, 20, 76. ಪ್ರತಿ ವರ್ಷ ಇನ್ನೂ ಜೋರಾಗಿ ತೂಗಾಡುತ್ತೆ, ನಿಲ್ಲುವುದೇ ಇಲ್ಲ. ಶುರುವಿನ 60 ಇದಕ್ಕೆ ಕಾರಣ ಅಲ್ಲ, 0.8 ಹೋಗಿ 1.2 ಆದ ಆ ಒಂದೇ ಒಂದು ಸಂಖ್ಯೆ ನೋಡಿ.

ಇಲ್ಲಿಂದ ಮುಂದೆ ನಿಮ್ಮ ಮನೆಯವರೇ ನಿಮಗೆ ಗುರುಗಳು. ಯಾಕೆಂದರೆ ಪಠ್ಯದ ಮಾಡೆಲ್ ಬಿಟ್ಟಿರುವುದೆಲ್ಲ ಅವರಿಗೆ ಗೊತ್ತು. ರೇಟು ಬಿದ್ದ ವರ್ಷ ಶುಂಠಿ ಕೀಳದೆ ನೆಲದಲ್ಲೇ ಬಿಟ್ಟು ಮುಂದಿನ ವರ್ಷ ‘ಹಳೆ ಶುಂಠಿ’ ಅಂತ ಮಾರುತ್ತಾರಲ್ಲ, ಆಲೂಗಡ್ಡೆಗೆ ಆ ಅನುಕೂಲ ಇಲ್ಲ. ಅದನ್ನು ಲೆಕ್ಕಕ್ಕೆ ತಂದರೆ ತೂಗಾಟ ಕಡಿಮೆಯಾಗುತ್ತಾ, ಜಾಸ್ತಿಯಾಗುತ್ತಾ? ನಾನು ಹೇಳುವುದಿಲ್ಲ, ಓಡಿಸಿ ನೋಡಿ. ಕೊಳೆ ರೋಗ ಬಂದ ವರ್ಷ ಬೆಳೆ ಅರ್ಧವಾದರೆ? ಗುತ್ತಿಗೆಗೆ ಜಮೀನು ಹಿಡಿದವರು ಹೋದ ವರ್ಷದ ರೇಟು ನೋಡುತ್ತಾರಾ, ಮೂರು ವರ್ಷದ್ದು ನೋಡುತ್ತಾರಾ? ಇದಕ್ಕೆ ನಿಮ್ಮ ಊರಲ್ಲೇ ಇಪ್ಪತ್ತು ಮನೆಗೆ ಹೋಗಿ ಕೇಳಬಹುದು. ಆ ಇಪ್ಪತ್ತು ಮನೆಯ ಉತ್ತರ ಯಾವ ಇಂಜಿನಿಯರಿಂಗ್ ವಿದ್ಯಾರ್ಥಿಯ ಹತ್ತಿರವೂ ಇರುವುದಿಲ್ಲ. ರೇಟು ಬರೆಯುವಾಗ 60 ಕೆಜಿ ಚೀಲಕ್ಕೋ ಕ್ವಿಂಟಾಲ್‌ಗೋ ನೋಡಿಕೊಳ್ಳಿ, ಎರಡೂ ಕಲಸಿದರೆ ಜೇಡರ ಬಲೆಗೆ ನೀವೇ ಬೀಳುತ್ತೀರಿ.

ಪ್ರಶ್ನೆ: ಕ್ಯಾಂಟೀನ್ ಕ್ಯೂ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕಾಲೇಜಿನಲ್ಲಿ ಸಾಫ್ಟ್‌ವೇರ್ ಲೈಸೆನ್ಸ್ ಇಲ್ಲ. ದುಡ್ಡು ಕೊಟ್ಟರೆ ರೆಡಿ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿ ಇದೆ, ಹಲವರು ಅಲ್ಲೇ ತರುತ್ತಾರೆ. ತಗೊಳ್ಳಲಾ?
– ಬಿಬಿಎ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಬೇಡ. ನಿಮ್ಮ ಕ್ಯಾಂಟೀನ್‌ಗೆ ಕಾಲೇ ಇಡದವನು ನಿಮ್ಮ ಕ್ಯಾಂಟೀನ್ ಕ್ಯೂ ಬಗ್ಗೆ ಏನು ಬರೆಯುತ್ತಾನೆ?

ಲೈಸೆನ್ಸ್ ಚಿಂತೆ ಬಿಡಿ. ಪೈಥಾನ್ ಉಚಿತ, ಅದರಲ್ಲಿ ಕ್ಯೂಗಳಿಗೆಂದೇ ಸಿಂಪೈ ಇದೆ. ಹೆಜ್ಜೆ ಹೆಜ್ಜೆಗೂ ಜನ ಓಡಾಡುವುದು ಕಣ್ಣಿಗೆ ಕಾಣಬೇಕು ಅಂದರೆ ನೆಟ್‌ಲೋಗೋ. ಬೇರೆ ವಿಷಯದವರಿಗೂ ಹೇಳಿಬಿಡುತ್ತೇನೆ: ರಸ್ತೆ ಸಂಚಾರಕ್ಕೆ ಸುಮೋ, ಕುಡಿಯುವ ನೀರಿನ ಪೈಪ್‌ಗೆ ಎಪಾನೆಟ್, ಲೆಕ್ಕಕ್ಕೆ ಸೈಲ್ಯಾಬ್, ಆಕ್ಟೇವ್. ಎಲ್ಲವೂ ಉಚಿತ. ಐಐಟಿ ಬಾಂಬೆಯ ಫಾಸ್ಸಿ ಯೋಜನೆಯವರು ಇಂಥ ಉಚಿತ ಸಾಫ್ಟ್‌ವೇರ್‌ಗಳನ್ನು ವಿದ್ಯಾರ್ಥಿಗಳಿಗೆ ಕಲಿಸುವ ಕೆಲಸವನ್ನೇ ಮಾಡುತ್ತಿದ್ದಾರೆ.

ಮೊದಲು ಒಂದು ಗಡಿಯಾರ, ಒಂದು ನೋಟ್‌ಬುಕ್ ಹಿಡಿದು ಕ್ಯಾಂಟೀನ್ ಮೂಲೆಯಲ್ಲಿ ಮೂರು ದಿನ ಕೂರಿ. ನಿಮಿಷಕ್ಕೆ ಸರಾಸರಿ ಮೂವರು ಬಂದು, ಒಬ್ಬೊಬ್ಬರು ನಾಲ್ಕು ನಿಮಿಷ ಒಳಗಿದ್ದರೆ, ಯಾವಾಗಲೂ ಸರಾಸರಿ ಹನ್ನೆರಡು ಜನ ಅಲ್ಲಿರುತ್ತಾರೆ. ಇದನ್ನು 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದರು. ನಿಮ್ಮ ಸಿಮ್ಯುಲೇಷನ್ ಇದಕ್ಕೆ ಒಪ್ಪದಿದ್ದರೆ ಪ್ರೋಗ್ರಾಂನಲ್ಲೇ ತಪ್ಪಿದೆ ಅಂತ ತಿಳಿಯಿರಿ.

ನಾನು ಓದುವಾಗ ಬಸ್ ಸ್ಟ್ಯಾಂಡ್ ಟಿಕೆಟ್ ಕೌಂಟರ್ ಬಗ್ಗೆ ಇಂಥದ್ದೇ ಒಂದು ಮಾಡಿದ್ದೆ. ಜನ ಒಬ್ಬೊಬ್ಬರಾಗಿ, ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ ಬರುತ್ತಾರೆ ಅಂತ ಪುಸ್ತಕದಲ್ಲಿ ಇದ್ದ ಹಾಗೇ ಇಟ್ಟುಕೊಂಡೆ. ಕ್ಯೂ ಯಾವತ್ತೂ ಐದು ಜನ ದಾಟುವುದಿಲ್ಲ ಅಂತ ಉತ್ತರ. ಖುಷಿಯಿಂದ ಹೋಗಿ ನೋಡಿದರೆ, ಹೊಳೆನರಸೀಪುರದ ಬಸ್ ಬಂದು ನಿಂತಿತು, ಅರವತ್ತು ಜನ ಒಟ್ಟಿಗೆ ಇಳಿದರು, ಅದರಲ್ಲಿ ಅರ್ಧ ಜನ ನೇರ ಕೌಂಟರ್‌ಗೆ! ನಿಮ್ಮಲ್ಲಿ ಬಸ್ ಇಲ್ಲ, ಬೆಲ್ ಇದೆ. ಬೆಲ್ ಹೊಡೆದ ಎರಡು ನಿಮಿಷವನ್ನು ಬೇರೆಯಾಗೇ ಬರೆದುಕೊಳ್ಳಿ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಇರುವುದು ಎರಡು ಕಂಪ್ಯೂಟರ್, ಕರೆಂಟ್ ಯಾವಾಗ ಇರುತ್ತೋ ಗೊತ್ತಿಲ್ಲ. ಒಂಬತ್ತನೇ ತರಗತಿಯವರಿಗೆ ಸಿಮ್ಯುಲೇಷನ್ ಅಂದರೇನು ಅಂತ ತೋರಿಸುವುದು ಹೇಗೆ?
– ಗಣಿತ ಶಿಕ್ಷಕಿ, ಆಲೂರು ತಾಲ್ಲೂಕು

ಉತ್ತರ: ಮೇಡಂ, ಕಂಪ್ಯೂಟರ್ ಬೇಡವೇ ಬೇಡ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆಯಿರಿ, ಅದರೊಳಗೆ ನಾಲ್ಕೂ ಬದಿಗೆ ತಾಗುವ ಹಾಗೆ ಒಂದು ವೃತ್ತ. ಮಕ್ಕಳು ದೂರದಿಂದ ಹುರುಳಿಕಾಳು ಎರಚಲಿ. ಚೌಕದೊಳಗೆ ಬಿದ್ದ ಒಟ್ಟು ಕಾಳು ಎಷ್ಟು, ಅದರಲ್ಲಿ ವೃತ್ತದೊಳಗೆ ಎಷ್ಟು ಅಂತ ಎಣಿಸಿ, ಭಾಗಿಸಿ, ನಾಲ್ಕರಿಂದ ಗುಣಿಸಿ. ಪೈ, ಅಂದರೆ 3.14ರ ಹತ್ತಿರ ಬರುತ್ತೆ. ನೂರು ಕಾಳಿಗೆ ಉತ್ತರ 0.16ರಷ್ಟು ಆಚೀಚೆ ಆಗುವುದು ಮಾಮೂಲು. ಹತ್ತು ಸಾವಿರ ಕಾಳಿಗೆ 0.016. ನೂರು ಪಟ್ಟು ಕಾಳು ಎರಚಿದರೆ ತಪ್ಪು ಹತ್ತು ಪಟ್ಟು ಮಾತ್ರ ಕಡಿಮೆ. ಇದನ್ನು ಮಕ್ಕಳೇ ಕಂಡುಕೊಳ್ಳಲಿ, ನೀವು ಹೇಳಬೇಡಿ. ಇದಕ್ಕೆ ಮಾಂಟೆ ಕಾರ್ಲೊ ವಿಧಾನ ಅಂತ ಹೆಸರು. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಅನ್ನುವ ಗಣಿತಜ್ಞರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟ್ ಆಡುವಾಗ, ಗೆಲ್ಲುವ ಸಾಧ್ಯತೆಯನ್ನು ಸೂತ್ರದಿಂದ ಹುಡುಕುವ ಬದಲು ನೂರು ಸಲ ಆಡಿ ಎಣಿಸಿದರೆ ಆಗುವುದಿಲ್ಲವಾ ಅಂದುಕೊಂಡರು, ಅಲ್ಲಿಂದ ಶುರು. ಇಸ್ಪೀಟಿನ ವಿಷಯ ಹೆಡ್‌ಮಾಸ್ಟರ್ ಎದುರು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಂದು ಗುಂಪಿನ ಮಕ್ಕಳಿಗೆ 3.6, 3.7 ಅಂತ ಬಂದೇ ಬರುತ್ತೆ. ಯಾಕೆಂದರೆ ಅವರು ನಡುವಿಗೇ ಗುರಿ ಇಟ್ಟು ಎಸೆದಿರುತ್ತಾರೆ. ಬೈಯಬೇಡಿ, ಅವತ್ತಿನ ಪಾಠಕ್ಕೆ ಆ ಗುಂಪೇ ಬೇಕು. ‘ಕಾಳು ಎಲ್ಲ ಕಡೆಯೂ ಒಂದೇ ಸಮ ಬೀಳುತ್ತೆ ಅಂತ ಅಂದುಕೊಂಡಿದ್ದೆವು’ ಅಂತ ಅವರ ಕೈಯಲ್ಲೇ ಬೋರ್ಡ್ ಮೇಲೆ ಬರೆಸಿ. ಕಾಳು ಗುಡಿಸಿ ಆರಿಸುವುದು ಯಾವ ಗುಂಪು ಅಂತ ಮಾತ್ರ ಆಟಕ್ಕೆ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.